ಕಾಲರಿನ ಒಳಮಗ್ಗುಲು

ನೆಲಮಾಳಿಗೆಗೆ ಪೆನ್ನು ತರುವಂತಿಲ್ಲ, ಪೆನ್ಸಿಲ್ ಮಾತ್ರ.
ತಪ್ಪಿದರೆ ಅಳಿಸಬಹುದು ಎಂದು ಮೊದಲ ದಿನವೇ ಹೇಳಿಕೊಟ್ಟರು.
ಅಳಿಸುವುದರಲ್ಲಿ ಈ ವಿಶ್ವವಿದ್ಯಾಲಯದ್ದು
ಪಳಗಿದ ಕೈ ಎಂದು ಆಗ ತಿಳಿದಿರಲಿಲ್ಲ.

ಹಳೆಯ ಸೂಚಿಯ ಡ್ರಾಯರು ಎಳೆದೆ.
'ನೀಗ್ರೋಗಳು': ಒಂದೇ ಒಂದು ಕಾರ್ಡು, ಅಂಚು ಮುಕ್ಕಾದದ್ದು.
ನೋಡಿ, ಸೌದೆ ಖರ್ಚು.

ನೋಡಿದೆ.
ಸಾವಿರದೆಂಟುನೂರ ನಲವತ್ತೇಳು, ನವೆಂಬರ್:
ಓಕ್ ಸೌದೆ ಹನ್ನೆರಡು ಗಾಡಿ,
ಸುಣ್ಣ ಆರು ಪೀಪಾಯಿ,
ಗಂಟೆ ಬಾರಿಸಲು ಹುಡುಗ ಒಬ್ಬ, ವರ್ಷದ ಬಾಡಿಗೆ ಐವತ್ತು ಡಾಲರ್,
ಸಂದಾಯ ಅವನ ಒಡತಿ ಶ್ರೀಮತಿ ಟ್ರೆಂಥಮ್‌ಗೆ.
ಹೆಸರಿನ ಜಾಗದಲ್ಲಿ
'ಹುಡುಗ'.
ಗಂಟೆಗೆ ಮಾತ್ರ ಹೆಸರಿದೆ, ಅಗಸ್ಟಾ.
ಎರಕ ಹೊಯ್ದ ಊರೂ ಇದೆ, ತೂಕವೂ ಇದೆ.

ಮಂಗಳವಾರ ಒಡೆಲ್ಲಾ ಕ್ರಚ್‌ಫೀಲ್ಡ್ ಬಂದಳು,
ತೊಂಬತ್ತೊಂದು ವಯಸ್ಸು, ಎರಡು ಬಸ್ಸು ಬದಲಿಸಿ,
ಕಂಕುಳಲ್ಲಿ ಬಿಸ್ಕತ್ತಿನ ಡಬ್ಬಿ.
ಮುಂಬಾಗಿಲಿಂದ ಒಳಗೆ ಬಂದದ್ದು ಇದೇ ಮೊದಲಂತೆ.
'ಹಿಂಬಾಗಿಲು ಏನಾಯಿತು?'
ಅಲ್ಲೀಗ ಕಾಫಿ ಅಂಗಡಿ, ಎಂದೆ.
'ಯಾರ ಪೈಕಿ ನೀನು?'
ಪೆಟಿಫೋರ್ಡ್.
'ನದಿಯಾಚೆಯವರೋ, ಸುಟ್ಟ ಗಿರಣಿಯ ಹತ್ತಿರದವರೋ?'
ನನಗೆ ಗೊತ್ತಿರಲಿಲ್ಲ. ಕುರ್ಚಿ ಎಳೆದುಕೊಂಡಳು.

ರೆಕಾರ್ಡರ್ ಒತ್ತಿ ನಮೂನೆಯ ಮೊದಲ ಪ್ರಶ್ನೆ ಓದಿದೆ:
ವಿಶ್ವವಿದ್ಯಾಲಯದೊಡನೆ ತಮ್ಮ ಸಂಬಂಧ?
'ಗಂಜಿ,' ಎಂದಳು.
'ಮೂವತ್ತೊಂದು ವರ್ಷ. ಅವರ ಅಂಗಿಗೂ ಗಂಜಿ,
ನನ್ನ ಮಕ್ಕಳ ಬಟ್ಟಲಿಗೂ ಅದೇ.

ಕಾಲರಿನ ಒಳಮಗ್ಗುಲಲ್ಲಿ ಕೆಂಪು ದಾರದ ಹೆಸರು.
ಎಲ್ಲರದೂ ಬಾಯಿಪಾಠ ನನಗೆ.
ಜಡ್ಜ್ ಆದವನು, ಸೆನೆಟಿಗೆ ಹೋದವನು,
ನಮ್ಮ ಶಾಲೆಗೆ ಬೀಗ ಜಡಿಸಿದವನು.
ಅವರವರ ಕುತ್ತಿಗೆಯ ಕೊಳೆ ಉಜ್ಜಿ ಬಲ್ಲೆ.
ಒಂದೇ ಬಣ್ಣ, ಮಗಾ. ಅದೊಂದು ಒಂದೇ ಬಣ್ಣ.'

ಡಬ್ಬಿಯೊಳಗೆ ಬಟ್ಟೆ ಲೆಕ್ಕದ ಪುಸ್ತಕ, ನೀಲಿಯ ಕಲೆ ಕೂತದ್ದು.
ಅಂಗಿ ಏಳು, ಹೊದಿಕೆ ಎರಡು,
ಸಾಲಿನ ತುದಿಗೆ ಒಗೆದವಳ ಹೆಸರು:
ಆರ್ಡೀಲಿಯಾ. ಜಿಪೋರಾ. ಆರ್ಡೀಲಿಯಾ.
ಟೆಂಪಿ, ಆ ವಾರ ಕೈ ಸುಟ್ಟುಕೊಂಡವಳು, ಅರ್ಧ ಕೂಲಿ.
ನನ್ನ ಉಸಿರು ನಿಂತಿತು. ಇಷ್ಟೊಂದು ಹೆಸರು!
'ಖುಷಿಪಡಬೇಡ. ಗುಂಡಿ ಕಳೆದರೆ
ಯಾರ ಕೂಲಿಯಲ್ಲಿ ಮುರಿಯಬೇಕೆಂದು ಬರೆಸಿದ್ದು.'

ಸಂಸ್ಥಾಪಕರ ದಿನದ ಫೋಟೋ ಮುಂದಿಟ್ಟೆ, ಮೂವತ್ತೆಂಟನೆಯ ಇಸವಿ.
ಹ್ಯಾಟು ತೊಟ್ಟ ನಲವತ್ತು ಗಂಡಸರು.
ಅಂಚಿನಲ್ಲಿ, ಚೌಕಟ್ಟಿಗೆ ಅರ್ಧ ಸಿಕ್ಕು, ಬುಟ್ಟಿ ಹೊತ್ತ ಒಬ್ಬಳು.
ಹಿಂಬದಿಯಲ್ಲಿ ನನ್ನದೇ ಪೆನ್ಸಿಲ್: ಅಪರಿಚಿತ ಹೆಂಗಸು.
'ಅಪರಿಚಿತ? ಯಾರಿಗೆ?'
ಕನ್ನಡಕ ಹುಡುಕಲಿಲ್ಲ ಅವಳು.
'ಇವಳು ಮೊಜೆಲ್, ನನ್ನ ಚಿಕ್ಕಮ್ಮ.
ಎಡಗಿವಿ ಕಿವುಡು.
ಪಕ್ಕಕ್ಕೆ ಸರಿಯೇ ಅಂತ ಫೋಟೋದವನು ಕೂಗಿದ್ದು ಕೇಳಿಸಲೇ ಇಲ್ಲ.'

ಆಮೇಲೆ ಬಹಳ ಹೊತ್ತು ರೆಕಾರ್ಡರಿನಲ್ಲಿ
ಪೈಪಿನೊಳಗೆ ನೀರು ಹರಿಯುವ ಸದ್ದಷ್ಟೇ ಇದೆ.

ಗಂಟೆಯ ಹುಡುಗನನ್ನು ಕೇಳಿದೆ.
ಬೆರಳಿಂದ ಆ ಸಾಲನ್ನು ಸವರಿದಳು,
ಸುಣ್ಣದ ಪೀಪಾಯಿಯ ಮೇಲೂ, ಡಾಲರಿನ ಮೇಲೂ.
'ನನಗೂ ಗೊತ್ತಿಲ್ಲ. ಅಮ್ಮನಿಗೂ ಗೊತ್ತಿರಲಿಲ್ಲವೇನೋ.
ಆದರೆ ಗೊತ್ತಿಲ್ಲ ಅಂತ ಬರೀಬೇಡ.
ಕೇಳಲಿಲ್ಲ ಅಂತ ಬರಿ.'

ಬರೆದೆ. ಪೆನ್ಸಿಲಿನಲ್ಲೇ, ಹಾಳೆ ತೂತಾಗುವಷ್ಟು ಒತ್ತಿ.

ಪುಸ್ತಕ ಕೊಡಲಿಲ್ಲ. 'ನಕಲು ಮಾಡಿಕೋ.
ಈ ಬಾಗಿಲೊಳಗೆ ಹೋದದ್ದು
ವಾಪಸು ಬಂದದ್ದನ್ನು ನಾನು ಕಂಡಿಲ್ಲ.'
ಯಂತ್ರ ಒಂದೊಂದೇ ಹಾಳೆಗೆ ಬೆಳಕು ಹಾಯಿಸುವವರೆಗೂ
ಪಕ್ಕದಲ್ಲೇ ನಿಂತಿದ್ದಳು, ಹಾಲು ಕಾಯಿಸುವವಳ ಹಾಗೆ.
ಮೇಲೆ ಅಗಸ್ಟಾ ಐದು ಹೊಡೆಯಿತು.
ಈಗ ಅದಕ್ಕೆ ಮೋಟಾರು.

ಹೊರಡುವಾಗ ಬಾಗಿಲಲ್ಲಿ ನನ್ನ ಕಾಲರ್ ತಿರುವಿ ನೋಡಿದಳು, ಹಳೇ ಅಭ್ಯಾಸ.
ಅಂಗಡಿಯ ಚೀಟಿ, ಅಳತೆ ಹದಿನೈದೂವರೆ,
ಇಸ್ತ್ರಿಯ ಎಚ್ಚರಿಕೆ, ಯಾವುದೋ ದೂರದ ದೇಶ.

'ಹೊಲಿದವಳು?' ಎಂದಳು.